ಅಂಚಿನ ಮೂರಡಿ: ಮಳೆಗೂ ಮಂಜಿಗೂ ಮುಂಚೆ ಚಿಕ್ಕಮಗಳೂರು ಜಿಲ್ಲಾಡಳಿತಕ್ಕೆ ಸೈಕಲ್ ಸವಾರರ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಲೋಕೋಪಯೋಗಿ ಇಲಾಖೆ ಹಾಗೂ ನಗರಸಭೆಯ ಎಂಜಿನಿಯರುಗಳಿಗೆ, ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಸೈಕಲ್ ಇರುವ ಪ್ರತಿ ಮನೆಯ ಹಿರಿಯರಿಗೆ,

ವಿಷಯ: ಮಳೆ ಮತ್ತು ಮಂಜಿನ ತಿಂಗಳುಗಳ ಸೈಕಲ್ ಓಡಾಟಕ್ಕಾಗಿ ರಸ್ತೆಯ ಅಂಚನ್ನು ಸಿದ್ಧಪಡಿಸುವ ಕುರಿತು.

ಮಾನ್ಯರೇ,

ಕೃತ್ತಿಕೆ ನಡೆಯುತ್ತಿದೆ. ರೋಹಿಣಿ ಕಳೆದು ಮೃಗಶಿರೆ ಹಿಡಿಯುವ ಹೊತ್ತಿಗೆ ಶಾಲೆಗಳು ತೆರೆದಿರುತ್ತವೆ. ಅಲ್ಲಿಂದ ಮಘೆ ಮುಗಿಯುವವರೆಗೆ ಹೆಚ್ಚುಕಡಿಮೆ ಮೂರು ತಿಂಗಳು ನೀರು. ದೀಪಾವಳಿ ಕಳೆಯುತ್ತಿದ್ದಂತೆ ಕಾಫಿ ಕುಯ್ಲು ಶುರುವಾಗುತ್ತದೆ, ಅದರ ಜೊತೆಗೇ ಬೆಳಗಿನ ಮಂಜೂ ಇಳಿಯುತ್ತದೆ. ಸಂಕ್ರಾಂತಿ ದಾಟುವವರೆಗೂ ಬಿಡುವುದಿಲ್ಲ. ಹೀಗೆ ವರ್ಷದ ಅರ್ಧ ಭಾಗ ನಮ್ಮ ಜಿಲ್ಲೆಯ ಸೈಕಲ್ಲು ಒದ್ದೆ ರಸ್ತೆಯಲ್ಲೋ ಮುಂದಿನದು ಕಾಣದ ರಸ್ತೆಯಲ್ಲೋ ಓಡುತ್ತದೆ. ಅದರ ಮೇಲೆ ಕೂತವರು ಹೈಸ್ಕೂಲಿನ ಮಕ್ಕಳು, ಡೈರಿಗೆ ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ಗಾರೆ ಕೆಲಸಕ್ಕೂ ತೋಟದ ಕೆಲಸಕ್ಕೂ ಹೊರಟವರು. ಮಳೆ ಹೊಳವಾದ ಮೇಲೆ ಹೊರಡೋಣ ಎಂದು ಕಾಯುವ ಅನುಕೂಲ ಇವರಲ್ಲಿ ಯಾರಿಗೂ ಇಲ್ಲ.

ಹೊಸ ಸೈಕಲ್ ಪಥ ಬೇಕೆಂದು ನಾವು ಕೇಳುತ್ತಿಲ್ಲ. ಈಗಿರುವ ರಸ್ತೆಯ ಎಡ ಅಂಚಿನಲ್ಲಿ ಮೂರಡಿ ಜಾಗ ಸಮತಟ್ಟಾಗಿ, ಪಾಚಿ ಇಲ್ಲದೆ, ಕೆಸರಿಲ್ಲದೆ ಇರಬೇಕು. ಸೈಕಲ್ಲಿಗೆ ಸಾಲುವುದು ಅಷ್ಟೇ ಜಾಗ, ಆದರೆ ಮಳೆಗಾಲದಲ್ಲಿ ಮೊದಲು ಹಾಳಾಗುವುದೂ ಕೊನೆಗೆ ದುರಸ್ತಿಯಾಗುವುದೂ ಅದೇ ಜಾಗ.

‘ಇಂಥ ಹವೆಯಲ್ಲಿ ಸೈಕಲ್ ಯಾಕೆ, ಬಸ್ಸಿಲ್ಲವೇ’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಮಗಿಂತ ಎಷ್ಟೋ ಕಷ್ಟದ ಹವೆಯಿರುವ ಊರುಗಳು ಉತ್ತರ ಕಂಡುಕೊಂಡಿವೆ. ಫಿನ್ಲೆಂಡಿನ ಔಲು ನಗರ 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಚಳಿಗಾಲದ ಬೆಳಗಿನಲ್ಲಿ ಶಾಲೆಗೆ ಹೋಗುವಾಗಲೂ ಕತ್ತಲೆ, ನೆಲದ ತುಂಬ ಹಿಮ. ಆದರೂ ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ ಮೊದಲು ಸೇರಿದ್ದು ಆ ಊರಿನಲ್ಲೇ, 2013ರಲ್ಲಿ. ಅಲ್ಲಿನವರು ಹಿಮವನ್ನು ಪೂರ್ತಿ ತೆಗೆಯುವುದಿಲ್ಲ. ಗಟ್ಟಿಯಾಗಿ ಕೂತ ಹಿಮದ ಪದರವನ್ನು ಹೆರೆದು ಒರಟು ಮಾಡಿ, ಮೇಲೆ ಸಣ್ಣ ಜಲ್ಲಿಪುಡಿ ಉದುರಿಸುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹವೆ ಬೇರೆ: ಹಿಮ ಬೀಳುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಅವರು ಉಪ್ಪು ಹಾಕಿ ಗುಡಿಸುತ್ತಾರೆ. ಮುಖ್ಯ ಸೈಕಲ್ ದಾರಿಗಳನ್ನು ಬೆಳಗಿನ ಓಡಾಟಕ್ಕೆ ಮುಂಚೆ, ಆದ್ಯತೆಯ ಮೇಲೆ ತೆರವು ಮಾಡುತ್ತಾರೆ. ಎರಡು ಊರು, ಎರಡು ವಿಧಾನ. ತಮ್ಮ ನೆಲದಲ್ಲಿ ಸೈಕಲ್ಲನ್ನು ಬೀಳಿಸುವುದು ಯಾವುದೆಂದು ಇಬ್ಬರೂ ನೋಡಿಕೊಂಡರು, ಅದಕ್ಕೆ ತಕ್ಕ ಕೆಲಸ ಮಾಡಿದರು. ನಮ್ಮಲ್ಲಿ ಹಿಮ ಇಲ್ಲ. ಬೀಳಿಸುವುದು ಅಂಚಿನ ಮೆಟ್ಟಿಲು, ಪಾಚಿ, ತೋಟದ ಗೇಟಿನ ಕೆಸರು, ಮತ್ತು ಮಂಜು.

ಎಲ್ಲಕ್ಕಿಂತ ಕೆಟ್ಟದ್ದು ಅಂಚಿನ ಮೆಟ್ಟಿಲು. ಪ್ರತಿ ಸಲ ಮರುಡಾಂಬರು ಬಿದ್ದಾಗ ರಸ್ತೆ ಒಂದರಿಂದ ಎರಡು ಅಂಗುಲ ಏರುತ್ತದೆ. ಪಕ್ಕದ ಮಣ್ಣು ಏರುವುದಿಲ್ಲ. ಮಳೆನೀರು ಡಾಂಬರಿನ ಅಂಚಿಗೇ ಹರಿದು ಮಣ್ಣನ್ನು ಇನ್ನಷ್ಟು ಕೊಚ್ಚುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಅಲ್ಲಿ ನಾಲ್ಕರಿಂದ ಆರು ಅಂಗುಲದ ನೇರ ಮೆಟ್ಟಿಲು ಬೀಳುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ, ಹುಡುಗಿ ಸೈಕಲ್ಲನ್ನು ಕೆಳಗಿಳಿಸುತ್ತಾಳೆ. ಇಳಿಯುವಾಗ ಏನೂ ಆಗುವುದಿಲ್ಲ. ಅಪಾಯವಿರುವುದು ಮತ್ತೆ ಹತ್ತುವಾಗ. ಸೈಕಲ್ಲು ನೆಟ್ಟಗೆ ನಿಂತಿರುವುದೇ ಮುಂದಿನ ಚಕ್ರ ಸದಾ ಒಂದಿಷ್ಟು ಎಡಕ್ಕೆ ಒಂದಿಷ್ಟು ಬಲಕ್ಕೆ ತಿರುಗುತ್ತಾ ತೂಕವನ್ನು ಹಿಡಿಯುವುದರಿಂದ. ಮೆಟ್ಟಿಲಿಗೆ ಸಮಾನಾಂತರವಾಗಿ ಓಡುತ್ತಾ ಹತ್ತಲು ಹೋದರೆ ಟೈರಿನ ಪಕ್ಕ ಡಾಂಬರಿಗೆ ಒರೆಸಿಕೊಳ್ಳುತ್ತದೆ, ಚಕ್ರ ಬಲಕ್ಕೆ ತಿರುಗಲಾರದು. ಮೈ ಆಗಲೇ ಬಲಕ್ಕೆ ವಾಲಿರುತ್ತದೆ. ಆಗ ಬೀಳುವುದು ಬಲಕ್ಕೇ, ಅಂದರೆ ರಸ್ತೆಯ ಒಳಕ್ಕೆ, ಹಾರ್ನ್ ಹೊಡೆದ ಬಸ್ಸಿನ ಚಕ್ರದ ಕಡೆಗೆ. ಇದರಲ್ಲಿ ಮಗುವಿನ ಅಜಾಗರೂಕತೆ ಎನ್ನುವಂಥದ್ದು ಏನೂ ಇಲ್ಲ. ಆ ಮೆಟ್ಟಿಲು ಇದ್ದರೆ ದೊಡ್ಡವರೂ ಹಾಗೇ ಬೀಳುತ್ತಾರೆ.

ಇದಕ್ಕೆ ಪರಿಹಾರ ಎಂಜಿನಿಯರುಗಳಿಗೆ ಗೊತ್ತಿರುವುದೇ. ಗರಸು ಮಣ್ಣು ತುಂಬಿ, ನೀರು ಚಿಮುಕಿಸಿ, ಪದರ ಪದರವಾಗಿ ರೋಲರ್ ಹಾಯಿಸಿ ಡಾಂಬರಿನ ಮಟ್ಟಕ್ಕೆ ತರಬೇಕು. ಟ್ರ್ಯಾಕ್ಟರಿನಲ್ಲಿ ತಂದ ಕೆಂಪು ಮಣ್ಣನ್ನು ಸುರಿದು ಹಾಗೇ ಬಿಟ್ಟರೆ ಮೊದಲ ಜಡಿಮಳೆಗೆ ಅದು ರಾಡಿಯಾಗುತ್ತದೆ. ಮೆಟ್ಟಿಲಿದ್ದ ಕಡೆ ಜಾರುಬಂಡೆ ಆಗುತ್ತದೆ, ಅಷ್ಟೇ ವ್ಯತ್ಯಾಸ. ಅಂಚಿನ ಇಳಿಜಾರು ಡಾಂಬರಿನ ಇಳಿಜಾರಿಗಿಂತ ತುಸು ಹೆಚ್ಚಿರಬೇಕು: ಡಾಂಬರಿನದು ಶೇ. 2.5 ಇದ್ದರೆ ಮಣ್ಣಿನಂಚಿಗೆ ಶೇ. 3 ಇರಲಿ. ಆಗ ನೀರು ಅಂಚಿನಲ್ಲಿ ನಿಲ್ಲದೆ ದಾಟಿಹೋಗುತ್ತದೆ. ಚರಂಡಿಗೆ ನೀರುಗಂಡಿ ಕಡಿಯದೆ ಅಂಚು ತುಂಬಿಸುವುದು ವ್ಯರ್ಥ ಖರ್ಚು, ಯಾಕೆಂದರೆ ಹಾಕಿದ್ದೆಲ್ಲ ಅದೇ ಆಷಾಢದಲ್ಲಿ ಹಳ್ಳ ಸೇರುತ್ತದೆ. ಹೊಸದಾಗಿ ಡಾಂಬರು ಹಾಕುವ ಕಡೆಯಂತೂ ಅಂಚನ್ನು ನೇರವಾಗಿ ಕಡಿದು ಬಿಡದೆ ಸುಮಾರು 30 ಡಿಗ್ರಿಯ ಓರೆಯಲ್ಲಿ ಒತ್ತಿ ಮುಗಿಸುವಂತೆ ಟೆಂಡರಿನಲ್ಲೇ ಬರೆಯಬಹುದು. ಮಣ್ಣು ಎಷ್ಟೇ ಕೊಚ್ಚಿಹೋದರೂ ಆ ಓರೆಯನ್ನು ಸೈಕಲ್ಲಿನ ಚಕ್ರ ಹತ್ತುತ್ತದೆ, ಸ್ಕೂಟರಿನ ಚಕ್ರವೂ ಹತ್ತುತ್ತದೆ.

ಈ ಕೆಲಸ ಆಗುವವರೆಗೆ ಮಕ್ಕಳಿಗೆ ಹೇಳಿಕೊಡಬೇಕಾದ್ದು ಇಷ್ಟು. ಕೆಳಗಿಳಿದರೆ ಅಲ್ಲೇ ನಿಲ್ಲಿ. ಹಿಂದೆ ನೋಡಿ, ಇಳಿದು, ಸೈಕಲ್ಲನ್ನು ಎತ್ತಿ ಮೇಲಿಡಿ. ಓಡುತ್ತಾ ಹತ್ತಲು ಹೋಗಬೇಡಿ.

ಎರಡನೆಯದು ಪಾಚಿ. ಕೈಮರದ ಕಡೆಗಾಗಲಿ ಆಲ್ದೂರಿನ ಕಡೆಗಾಗಲಿ, ಮರಗಳ ನೆರಳು ಮುಚ್ಚಿದ ದಾರಿಗಳಲ್ಲಿ ವಾಹನದ ಚಕ್ರ ಹಾಯದ ಪಟ್ಟಿಯಲ್ಲಿ ಪಾಚಿ ಕಟ್ಟುತ್ತದೆ. ಆ ಪಟ್ಟಿಯೇ ಸೈಕಲ್ಲಿನ ದಾರಿ. ಅದರ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತರೆ ಟೈರಿಗೆ ಡಾಂಬರು ಸಿಗುವುದೇ ಇಲ್ಲ. ಮಲೆನಾಡಿನ ಮನೆಗಳಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಎರಚಿ ತಿಕ್ಕುವುದು ರೂಢಿ. ರಸ್ತೆಗೆ ಅದನ್ನು ಹಾಕಬಾರದು, ಅದು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತದೆ. ಮೇ ತಿಂಗಳಲ್ಲಿ ಒಣಗಿದ ಪಾಚಿ ಸಲಿಕೆಗೆ ಹಪ್ಪಳದಂತೆ ಏಳುತ್ತದೆ. ಆಗ ಕೆರೆದು, ಗಟ್ಟಿ ಪೊರಕೆಯಲ್ಲಿ ಗುಡಿಸಿ, ರಸ್ತೆಗೆ ಬಾಗಿದ ಕೊಂಬೆಗಳನ್ನು ಸವರಿದರೆ ಬಿಸಿಲು ಬಿದ್ದು ಉಳಿದದ್ದು ತಾನೇ ಸಾಯುತ್ತದೆ. ಮಳೆ ಹಿಡಿದ ಮೇಲೆ ಇದೇ ಕೆಲಸಕ್ಕೆ ಹಲವು ಪಟ್ಟು ಆಳು ಬೇಕು. ಇನ್ನೊಂದು ಸಲ ಅಕ್ಟೋಬರಿನಲ್ಲಿ, ಕುಯ್ಲಿಗೆ ಮುಂಚೆ, ಎಲೆ ಮತ್ತು ಹೂಳು ತೆಗೆಸಬೇಕು.

ಪಾಚಿಯ ಮೇಲೆ ಸಿಕ್ಕಿಕೊಂಡ ಸವಾರನಿಗೆ ಮಂಜುಗಡ್ಡೆಯ ಮೇಲೆ ಓಡಿಸುವವರ ನಿಯಮವೇ ಅನ್ವಯ: ಹ್ಯಾಂಡಲ್ ನೇರ ಇರಲಿ, ಬ್ರೇಕ್ ಮುಟ್ಟಬೇಡಿ, ಪೆಡಲನ್ನು ಜಗ್ಗಿ ತುಳಿಯಬೇಡಿ, ಬಂದ ಓಟದಲ್ಲೇ ದಾಟಿಸಿ. ಸೀಟನ್ನು ಒಂದು ಅಂಗುಲ ಇಳಿಸಿಕೊಂಡರೆ ಎರಡೂ ಕಾಲು ನೆಲಕ್ಕೆ ಸಿಗುತ್ತವೆ. ಮಳೆಗಾಲಕ್ಕೆ ಮಾತ್ರ ಹೀಗೆ ಮಾಡಿ. ವರ್ಷವಿಡೀ ತಗ್ಗಿದ ಸೀಟಿನಲ್ಲಿ ತುಳಿದರೆ ಮಂಡಿ ನೋವು ಬರುತ್ತದೆ.

ಟೈರಿನ ಬಗ್ಗೆ ಒಂದು ಮಾತು, ಯಾಕೆಂದರೆ ಹುಡುಗರು ವಿಡಿಯೋ ನೋಡಿ ದುಡ್ಡು ಕಳೆಯುತ್ತಿದ್ದಾರೆ. ಹಿಮದ ನಾಡಿನಲ್ಲಿ ಟೈರಿನೊಳಗಿಂದ ಸಣ್ಣ ಮೊಳೆ ಹೊಮ್ಮಿಸಿದ ಟೈರು ಬಳಸುತ್ತಾರೆ. ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದು. ಒಂದು ಟೈರಿನಲ್ಲಿ ನೂರರಿಂದ ಇನ್ನೂರೈವತ್ತರವರೆಗೂ ಇರುತ್ತವೆ. ಅದು ಕಚ್ಚುವುದು ಮಂಜುಗಡ್ಡೆಯನ್ನು. ಬರಿ ಡಾಂಬರಿನ ಮೇಲೆ ರಬ್ಬರಿನ ಬದಲು ಮೊಳೆ ತಾಗಿ ಹಿಡಿತ ಕಡಿಮೆಯೇ ಆಗುತ್ತದೆ. ದೊಡ್ಡ ಉಬ್ಬುಗಳ ದಪ್ಪ ಟೈರೂ ಒದ್ದೆ ಡಾಂಬರಿಗೆ ಅಷ್ಟೇ, ಉಬ್ಬಿನ ತುದಿಗಳಷ್ಟೇ ನೆಲಕ್ಕೆ ತಾಗುತ್ತವೆ. ನಮ್ಮ ರಸ್ತೆಗೆ ಬೇಕಿರುವುದು ಸಾದಾ ಟೈರು, ಆದರೆ ಹೊಸ ರಬ್ಬರಿನದು. ಪಕ್ಕದಲ್ಲಿ ಬಿರುಕು ಬಿಟ್ಟ, ಉಗುರಿಗೆ ಗಟ್ಟಿಯೆನಿಸುವ ಹಳೆ ಟೈರು ಒದ್ದೆಯಲ್ಲಿ ಜಾರುತ್ತದೆ, ಅದರ ಗೀರು ಎಷ್ಟೇ ಆಳವಿದ್ದರೂ. ಗಾಳಿ ಎಂದಿಗಿಂತ ಐದರಿಂದ ಹತ್ತು ಪೌಂಡ್ ಕಡಿಮೆ ಇರಲಿ, ಆದರೆ ಗುಂಡಿಗೆ ಇಳಿದಾಗ ರಿಮ್ಮು ತಾಗುವಷ್ಟು ಇಳಿಸಬೇಡಿ.

ಮೂರನೆಯದು ತೋಟದ ಗೇಟುಗಳ ಕೆಸರು. ಟ್ರ್ಯಾಕ್ಟರು, ಪಿಕಪ್ಪು ಮಣ್ಣಿನ ದಾರಿಯಿಂದ ಡಾಂಬರಿಗೆ ಹತ್ತುವಾಗ ಚಕ್ರದ ಗೀರಿನಲ್ಲಿದ್ದ ಮಣ್ಣು ಮೊದಲ ಒಂದಿಷ್ಟು ದೂರದಲ್ಲೇ ಉದುರುತ್ತದೆ. ಮೇಲೆ ಸೋನೆ ಬಿದ್ದರೆ ಅದು ಬೆಣ್ಣೆ. ತೋಟದ ಮಾಲೀಕರಲ್ಲಿ ನಮ್ಮ ಕೋರಿಕೆ: ಗೇಟಿನ ಒಳಗೆ ಕೊನೆಯ ಹದಿನೈದು ಮೀಟರಿಗೆ ದಪ್ಪ ಜಲ್ಲಿ ಹಾಸಿ. ಚಕ್ರ ಅಲ್ಲೇ ಕೆಲವು ಸುತ್ತು ತಿರುಗಿ ಮಣ್ಣನ್ನು ಉದುರಿಸಿಕೊಂಡು ಹೊರಬರುತ್ತದೆ.

ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯನ್ನು ನಗರಸಭೆಯವರು ಒಂದು ಸಲ ನೋಡಬೇಕು. ಸಾದಾ ಸೈಕಲ್ಲಿನ ಟೈರು ಸುಮಾರು ಒಂದೂವರೆ ಅಂಗುಲ ಅಗಲ. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಚಕ್ರ ಒಳಗಿಳಿದು ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಜಾಲರಿಯನ್ನು ಕಾಲು ಸುತ್ತು ತಿರುಗಿಸಿ ಸರಳು ಅಡ್ಡ ಬರುವಂತೆ ಕೂರಿಸಿದರೆ ಸಾಕು. ಚೌಕಾಕಾರದ ಜಾಲರಿಗೆ ಇದಕ್ಕೆ ಖರ್ಚೇ ಇಲ್ಲ.

ಇನ್ನು ಸೈಕಲ್ಲಿನ ವಿಷಯ. 2006–07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಬಂದ ಸೈಕಲ್‌ಗಳು ಅಣ್ಣನಿಂದ ತಂಗಿಗೆ, ಅಲ್ಲಿಂದ ಪಕ್ಕದ ಮನೆಗೆ ಹೋಗಿ ಈಗಲೂ ಓಡುತ್ತಿವೆ. ಅದು ಒಳ್ಳೆಯದೇ, ಆದರೆ ಹಳೆ ಸೈಕಲ್ಲಿನ ಬ್ರೇಕನ್ನು ಮಳೆಗೆ ಮುಂಚೆ ನೋಡದಿದ್ದರೆ ಆಗದು. ಮೆರುಗಿನ ಉಕ್ಕಿನ ರಿಮ್ಮಿನ ಮೇಲೆ ನೀರು ಪೊರೆಯಂತೆ ಕೂತಿರುತ್ತದೆ. ಬ್ರೇಕ್ ರಬ್ಬರು ಮೊದಲು ಆ ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. 26 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಓಡುತ್ತದೆ. ಒರೆಸಲು ಎರಡು ಮೂರು ಸುತ್ತು ಬೇಕಾದರೂ ನಾಲ್ಕರಿಂದ ಆರು ಮೀಟರ್ ಹೋಗಿಬಿಟ್ಟಿತು, ಅಷ್ಟು ದೂರ ಬ್ರೇಕು ಇಲ್ಲದ ಹಾಗೇ. ಆದ್ದರಿಂದ ಇಳಿಜಾರಿಗೆ ಮುಂಚೆ, ತಿರುವಿಗೆ ಮುಂಚೆ, ರಬ್ಬರು ರಿಮ್ಮಿಗೆ ತಾಗುವಷ್ಟು ಮಾತ್ರ ಒತ್ತಿ ಒರೆಸಿಕೊಳ್ಳುವ ಅಭ್ಯಾಸ ಮಾಡಿಸಬೇಕು. ಹೊಸ ಸೈಕಲ್ ಕೊಳ್ಳುವವರು ಅಲ್ಯುಮಿನಿಯಂ ರಿಮ್ಮು ಕೇಳಿ ತೆಗೆದುಕೊಳ್ಳಿ. ಒದ್ದೆಯಲ್ಲಿ ಅದರ ಹಿಡಿತ ಉಕ್ಕಿನದಕ್ಕಿಂತ ಎಷ್ಟೋ ಮೇಲು.

ಬ್ರೇಕ್ ರಬ್ಬರು ಗೀರು ಮುಚ್ಚುವಷ್ಟು ಸವೆದಿದ್ದರೆ ಬದಲಾಯಿಸಿ. ಸವೆಯದೆ ಹೊಳಪು ಬಂದು ಗಟ್ಟಿಯಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಮೇಲಿನ ಪದರ ತೆಗೆಯಿರಿ. ರಬ್ಬರಿಗೂ ರಿಮ್ಮಿಗೂ ಎರಡೂ ಕಡೆ ಎರಡು ಮೂರು ಮಿಲಿಮೀಟರ್ ಸಂದು ಇರಬೇಕು. ರಿಮ್ಮನ್ನು ಸೋಪಿನ ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡು ಉಳಿಯುತ್ತದೆ. ಬ್ರೇಕ್ ಕೇಬಲ್ಲನ್ನು ಕವಚದಿಂದ ಎಳೆದು ಗ್ರೀಸ್ ಸವರಿ ಮತ್ತೆ ತೂರಿಸಿ. ಇಲ್ಲದಿದ್ದರೆ ಆರಿದ್ರೆಯ ಹೊತ್ತಿಗೆ ಒಳಗೆ ತುಕ್ಕು ಹಿಡಿದು, ಒತ್ತಿದ ಬ್ರೇಕು ಹಿಂದಕ್ಕೆ ಬರುವುದಿಲ್ಲ.

ಚೈನಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವ ರೂಢಿ ಬಿಡಬೇಕು. ಅದು ಮರಳನ್ನು ಹಿಡಿದುಕೊಂಡು ಚೈನನ್ನು ಉಪ್ಪುಕಾಗದದಂತೆ ಸವೆಸುತ್ತದೆ, ರಿಮ್ಮಿಗೂ ತೊಟ್ಟಿಕ್ಕುತ್ತದೆ. ಒಣಬಟ್ಟೆಯಲ್ಲಿ ಚೈನು ಒರೆಸಿ, ಪ್ರತಿ ಕೊಂಡಿಗೆ ಒಂದೊಂದು ಹನಿ ಹೊಸ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಒರೆಸಿಬಿಡಿ. ಜಡಿಮಳೆಯ ವಾರಗಳಲ್ಲಿ ವಾರಕ್ಕೆರಡು ಸಲ.

ಹಿಂದಿನ ಚಕ್ರದ ಹಲ್ಲುಗಾಲಿ, ಅಂದರೆ ಫ್ರೀವ್ಹೀಲಿನ ದೋಷ ಮಾತ್ರ ಹಿಮದ ನಾಡಿಗೂ ನಮಗೂ ಒಂದೇ. ಒಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳಿವೆ. ಅಲ್ಲಿ ಚಳಿಗೆ ಗ್ರೀಸು ಬಿಗಿದುಕೊಂಡು ಕೊಕ್ಕೆ ಏಳುವುದಿಲ್ಲ, ಇಲ್ಲಿ ತುಕ್ಕಿಗೆ ಏಳುವುದಿಲ್ಲ; ಎರಡೂ ಕಡೆ ಪೆಡಲು ಸುಮ್ಮನೆ ಸುತ್ತುತ್ತದೆ, ಸೈಕಲ್ಲು ಮುಂದೆ ಹೋಗುವುದಿಲ್ಲ. ಚಕ್ರ ತಿರುಗಿಸಿದಾಗ ಕಟಕಟ ಸದ್ದು ಸಣ್ಣಗಾಗಿದ್ದರೆ ಅದೇ ಮುನ್ಸೂಚನೆ. ಸೈಕಲ್ಲನ್ನು ಮಲಗಿಸಿ, ಸಂದಿಗೆ ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಕೊಳೆ ಇಳಿದ ಮೇಲೆ ತೆಳು ಎಣ್ಣೆ ಹಾಕಿ. ಗ್ರೀಸು ತುಂಬಬೇಡಿ.

ಮಡ್‌ಗಾರ್ಡ್ ಬಿಚ್ಚಿ ಓಡಿಸುವುದು ಈಗ ಹುಡುಗರ ಚಂದ. ಬಿಚ್ಚಿದರೆ ಮುಂದಿನ ಚಕ್ರದ ಕೆಸರೆಲ್ಲ ನೇರ ಚೈನಿಗೆ, ಹಿಂದಿನದು ಬೆನ್ನಿನ ಪುಸ್ತಕದ ಚೀಲಕ್ಕೆ. ಮಡ್‌ಗಾರ್ಡ್ ಇರಲೇಬೇಕು, ಆದರೆ ಟೈರಿಗೂ ಅದಕ್ಕೂ ಬೆರಳು ತೂರುವಷ್ಟು ಸಂದು ಇರಬೇಕು. ಇಲ್ಲದಿದ್ದರೆ ಕೆಂಪು ಮಣ್ಣು ಮೆತ್ತಿ ಚಕ್ರವನ್ನೇ ಹಿಡಿಯುತ್ತದೆ. ಮಳೆಯಲ್ಲಿ ಪಂಕ್ಚರೂ ಹೆಚ್ಚು: ನೀರು ಸೋಕಿದ ರಬ್ಬರನ್ನು ಗಾಜಿನ ಚೂರು ಸುಲಭವಾಗಿ ಕೊಯ್ಯುತ್ತದೆ, ಆ ಚೂರುಗಳೂ ಕೊಚ್ಚಿ ಬಂದು ಸೇರುವುದು ಅಂಚಿಗೇ. ವಾಲಿನಿಂದಲೂ ಗಾಳಿ ಇಳಿಯುತ್ತದೆ; ಅದರೊಳಗೆ ತೊಡಿಸುವ ಸಣ್ಣ ರಬ್ಬರು ಕೊಳವೆ, ವಾಲ್ ಟ್ಯೂಬ್, ಒಂದು ಅಂಗುಲ ಸದಾ ಜೊತೆಗಿರಲಿ.

ಕೊಡೆ ಹಿಡಿದು ಸೈಕಲ್ ಓಡಿಸುವುದನ್ನು ಶಾಲೆಯ ಗೇಟಿನಲ್ಲೇ ತಡೆಯಬೇಕೆಂದು ಮೇಷ್ಟ್ರುಗಳನ್ನು, ಟೀಚರುಗಳನ್ನು ಕೇಳಿಕೊಳ್ಳುತ್ತೇವೆ. ಒಂದು ಕೈ ಕೊಡೆಗೆ ಹೋದರೆ ಉಳಿಯುವುದು ಒಂದೇ ಬ್ರೇಕು, ಆಷಾಢದ ಗಾಳಿಗೆ ಕೊಡೆ ತಿರುಗಿದರೆ ಅದೂ ಇಲ್ಲ. ರೇನ್‌ಕೋಟು ಹಳದಿ ಬಣ್ಣದ್ದಾಗಲಿ, ಅಂಚು ಕಡ್ಡಿಗಳಿಗೆ ಸಿಗದಷ್ಟು ಗಿಡ್ಡವಿರಲಿ, ಹಿಂದಿನ ದೀಪವನ್ನು ಮುಚ್ಚದಿರಲಿ.

ದೀಪವೆಂದಾಗ ಮಂಜಿನ ಲೆಕ್ಕವನ್ನು ಸ್ಪಷ್ಟವಾಗಿ ಹೇಳಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಜೀಪು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮುಂದೆ ಏನೋ ಇದೆ ಎಂದು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು ಎಂದಿಟ್ಟುಕೊಂಡರೆ, ಅಷ್ಟರಲ್ಲೇ 25 ಮೀಟರ್ ಮುಗಿಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 35 ಮೀಟರ್. ಒಟ್ಟು 60. ದಟ್ಟ ಮಂಜಿನಲ್ಲಿ ಕಣ್ಣಿಗೆ ಕಾಣುವುದೇ 30 ಮೀಟರ್ ಆದರೆ ಆ ಜೀಪು ಸೈಕಲ್ಲಿನ ಹಿಂದೆ ನಿಲ್ಲಲಾರದು, ಚಾಲಕ ಎಷ್ಟೇ ನುರಿತವನಾಗಿದ್ದರೂ. ಇದೇ ಲೆಕ್ಕದಲ್ಲಿ 40ರ ವೇಗಕ್ಕೆ 32 ಮೀಟರ್ ಬೇಕು, 30ರ ವೇಗಕ್ಕೆ 21. ಕುಯ್ಲಿನ ದಿನಗಳಲ್ಲಿ ಬೆಳಗ್ಗೆ ಆಳುಗಳನ್ನು ಕರೆತರುವ ಜೀಪು, ಪಿಕಪ್ಪಿನ ಚಾಲಕರಿಗೂ ಗಿರಿಗೆ ಹೋಗುವ ಪ್ರವಾಸಿಗರಿಗೂ ಈ 30ರ ಮಿತಿಯನ್ನು ಮಂಜಿರುವಷ್ಟು ಹೊತ್ತು ಕಡ್ಡಾಯ ಮಾಡಿ, ಚೆಕ್‌ಪೋಸ್ಟಿನಲ್ಲೇ ತಿಳಿಸಿ ಎಂದು ನಾವು ಜಿಲ್ಲಾಧಿಕಾರಿಗಳನ್ನು ಕೋರುತ್ತೇವೆ. ಹೆಡ್‌ಲೈಟು ತಗ್ಗಿಸಿರಬೇಕು, ಎತ್ತರದ ಬೆಳಕು ಮಂಜಿಗೆ ಬಡಿದು ಬಿಳಿ ಗೋಡೆಯಾಗುತ್ತದೆ.

ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆ ಬೇರೆಯವರ ಬೆಳಕು ಬಿದ್ದಾಗ ಮಾತ್ರ ಹೊಳೆಯುತ್ತದೆ, ಮಂಜಿನಲ್ಲಿ ಆ ಬೆಳಕು ಹೋಗಿ ಬರುವಷ್ಟರಲ್ಲಿ ಸತ್ತಿರುತ್ತದೆ. ಸ್ವಂತ ಬೆಳಕಿನ ಕೆಂಪು ಎಲ್‌ಇಡಿ ದೀಪ ಬೇಕೇ ಬೇಕು, ಮಿನುಗದೆ ಸ್ಥಿರವಾಗಿ ಉರಿಯುವಂತಿಟ್ಟರೆ ಹಿಂದಿನವನಿಗೆ ದೂರದ ಅಂದಾಜು ಸಿಗುತ್ತದೆ. ಟೈರಿಗೆ ಒರಗಿ ತಿರುಗುವ ಹಳೆ ಡೈನಮೋ ಒದ್ದೆ ಟೈರಿನ ಮೇಲೆ ಜಾರುತ್ತದೆ, ಸೈಕಲ್ ನಿಂತಾಗ ದೀಪವೂ ಆರುತ್ತದೆ. ಮಂಜಿಗೆ ಅದನ್ನು ನಂಬಬೇಡಿ. ಮುಂದಿನ ಬಿಳಿ ದೀಪವನ್ನು ಹ್ಯಾಂಡಲಿನಿಂದ ಬಿಚ್ಚಿ ಮುಂದಿನ ಫೋರ್ಕಿನ ಕೆಳಗೆ ಕಟ್ಟಿ, ಬೆಳಕು ಐದಾರು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಾಗಿಸಿ. ಹಿಂದಿನ ಮಡ್‌ಗಾರ್ಡಿಗೆ ಒಂದು ಗೇಣು ಕೆಂಪು ಹೊಳಪು ಟೇಪು, ಪೆಡಲಿನ ಕೋಲುಗಳಿಗೆ ಹಳದಿ ಟೇಪು ಅಂಟಿಸಿ. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡರೆ ಚಾಲಕನಿಗೆ ಅದು ಕಿಲೋಮೀಟರ್ ಕಲ್ಲಲ್ಲ, ಸೈಕಲ್ ತುಳಿಯುವ ಮನುಷ್ಯ ಎಂದು ತಕ್ಷಣ ಗೊತ್ತಾಗುತ್ತದೆ.

ಶಾಲೆ ಆರಂಭದ ಮೊದಲ ವಾರದಲ್ಲಿ ಪ್ರತಿ ಹೈಸ್ಕೂಲಿನಲ್ಲಿ ಒಂದು ದಿನ ಸೈಕಲ್ ತಪಾಸಣೆ ಇಡಿ. ಬ್ರೇಕು, ಕೇಬಲ್ಲು, ದೀಪ, ಟೇಪು ನೋಡಲು ಒಂದು ಸೈಕಲ್ಲಿಗೆ ಹತ್ತು ನಿಮಿಷ ಸಾಕು. ನಮ್ಮಲ್ಲಿ ರಿಪೇರಿ ಬಲ್ಲವರು ತಮ್ಮ ಪಾನಾ, ಪಂಪು ತಂದು ಕೂಲಿಯಿಲ್ಲದೆ ಮಾಡಿಕೊಡುತ್ತೇವೆ. ರಬ್ಬರು, ಕೇಬಲ್ಲು, ಟೇಪಿನ ಸಾಮಾನನ್ನು ಶಾಲೆಯವರೋ ಪಂಚಾಯಿತಿಯವರೋ ಒದಗಿಸಬೇಕು.

ಅಂಚಿನ ಕೆಲಸವನ್ನು ಶಾಲೆಗಳ ಎರಡು ಕಿಲೋಮೀಟರ್ ಸುತ್ತಿನಿಂದ ಶುರುಮಾಡಿ. ಅಳೆಯಲು ಬೇಕಿರುವುದು ಒಂದು ಮೀಟರಿನ ನೇರ ಪಟ್ಟಿ ಮತ್ತು ಅರ್ಧ ಅಡಿಯ ಸ್ಕೇಲು. ಪಟ್ಟಿಯ ಅರ್ಧ ಡಾಂಬರಿನ ಮೇಲೆ, ಉಳಿದರ್ಧ ಹೊರಗೆ ಚಾಚಿ ಹಿಡಿದು, ಕೆಳಗಿನ ಸಂದನ್ನು ಅಳೆಯಿರಿ. ಎರಡು ಅಂಗುಲ ಮೀರಿದ ಕಡೆಯೆಲ್ಲ ಸುಣ್ಣದ ಗುರುತು ಹಾಕಿಸಿ. ರೋಹಿಣಿ ಮುಗಿಯುವುದರೊಳಗೆ ಆ ಗುರುತುಗಳಷ್ಟನ್ನಾದರೂ ತುಂಬಿಸಿ ರೋಲರ್ ಹಾಯಿಸಿ. ಎಲ್ಲೆಲ್ಲಿ ಅಳೆಯಬೇಕೆಂದು ತೋರಿಸಲು ಕರೆದ ದಿನ ನಾವು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚಿಕ್ಕಮಗಳೂರಿನ ಸೈಕಲ್ ಸವಾರರು ಮತ್ತು ಸೈಕಲ್ ರಿಪೇರಿಯವರು